ಹೊಸ ಗಣಕಯಂತ್ರ ಬರುವ ಮುನ್ನ ಹಳೆಯದರ ವಿಲೇವಾರಿ

2025ನೆಯ ಇಸವಿಯ ಅಕ್ಟೋಬರ್ 14ರಂದು ಮೈಕ್ರೋಸಾಫ್ಟ್ ಸಂಸ್ಥೆಯು ವಿಂಡೋಸ್ 10ಕ್ಕೆ ಅದುವರೆಗೆ ಉಚಿತವಾಗಿ ಒದಗಿಸುತ್ತಿದ್ದ ಭದ್ರತಾ ಪರಿಷ್ಕರಣಗಳನ್ನು ನಿಲ್ಲಿಸಿತಷ್ಟೆ. ಅಂದಿನಿಂದ ನಮ್ಮ ಊರುಗಳ ಲೆಕ್ಕಪರಿಶೋಧಕರ ಕಚೇರಿಗಳಲ್ಲಿಯೂ, ಸಹಕಾರ ಸಂಘಗಳಲ್ಲಿಯೂ, ಕಾಲೇಜಿನ ಪ್ರಯೋಗಶಾಲೆಗಳಲ್ಲಿಯೂ, ಡಿಟಿಪಿ ಕೇಂದ್ರಗಳಲ್ಲಿಯೂ ಹೊಸ ಗಣಕಯಂತ್ರಗಳ ದರಪಟ್ಟಿಯನ್ನು ತರಿಸುವ ಸಂಭ್ರಮ ತಲೆದೋರಿದೆ. ವಿಂಡೋಸ್ 11 ಎಂಬ ಮುಂದಿನ ಆವೃತ್ತಿಯು ಟಿಪಿಎಂ 2.0 ಎಂಬ ಭದ್ರತಾ ಅಂಗವನ್ನೂ, ಇಂಟೆಲ್ ಪ್ರೊಸೆಸರಾದ ಪಕ್ಷದಲ್ಲಿ ಹೆಚ್ಚುಕಡಿಮೆ ಎಂಟನೆಯ ತಲೆಮಾರಿನದನ್ನು ಅಥವಾ ಅದಕ್ಕೂ ಈಚಿನದನ್ನೂ ಅಪೇಕ್ಷಿಸುವುದರಿಂದ, 2017ಕ್ಕೆ ಹಿಂದೆ ಕೊಂಡ ಯಂತ್ರಗಳು, ಅವು ಎಷ್ಟೇ ಗಟ್ಟಿಮುಟ್ಟಾಗಿರಲಿ, ಅಧಿಕೃತವಾಗಿ ಆ ಪಂಕ್ತಿಗೆ ಸಲ್ಲವು. ಆದುದರಿಂದ ಈ ಸಂಭ್ರಮಕ್ಕೆ ಕಾರಣವೇ ಇಲ್ಲವೆನ್ನಲಾಗದು. ಆದರೆ ದರಪಟ್ಟಿ ತರಿಸುವವರಲ್ಲಿ ಹೆಚ್ಚಿನವರು, ಈಗ ಮೇಜಿನ ಮೇಲಿರುವ ಯಂತ್ರಗಳು ನಾಳೆ ಎಲ್ಲಿಗೆ ಹೋಗಬೇಕು, ಹಿಂದಿನ ಸಲದ ಬದಲಾವಣೆಯಲ್ಲಿ ಇಳಿಸಿ ಅಟ್ಟಕ್ಕೇರಿಸಿದವು ಈಗ ಯಾವ ಅವಸ್ಥೆಯಲ್ಲಿವೆ ಎಂಬ ಪ್ರಶ್ನೆಯನ್ನು ಕೇಳಿಕೊಳ್ಳುವುದೇ ಇಲ್ಲ.

ನನ್ನ ಅಭಿಪ್ರಾಯದಲ್ಲಿ ಹಳೆಯವುಗಳ ಲೆಕ್ಕ ತೀರಿದ ಹೊರತು ಹೊಸದಕ್ಕೆ ಆದೇಶ ಕೊಡಲೇಬಾರದು. ಇದಕ್ಕೆ ಮೊದಲನೆಯ ಕಾರಣ ಹಣ. ಗಣಕಯಂತ್ರವು ಬೆಳ್ಳಿಬಂಗಾರದಂತೆ ಪೆಟ್ಟಿಗೆಯಲ್ಲಿದ್ದರೂ ಬೆಲೆ ಕಾಯ್ದುಕೊಳ್ಳುವ ವಸ್ತುವಲ್ಲ. ಇಂದು ಮಾರಿದರೆ ಯಂತ್ರದ ಬೆಲೆ ತರುವುದನ್ನು ಮೂರು ಮಳೆಗಾಲ ಗೋದಾಮಿನಲ್ಲಿಟ್ಟರೆ ಅದು ಕಬ್ಬಿಣದ ಬೆಲೆಗೆ ಇಳಿದಿರುತ್ತದೆ. ಎರಡನೆಯ ಕಾರಣ, ಇರುವುದನ್ನು ಎಣಿಸಿ ನೋಡಿದ ಮೇಲೆಯೇ ಬೇಕಾದುದೆಷ್ಟೆಂಬುದು ತಿಳಿಯುವುದು; ಹತ್ತು ಹೊಸ ಯಂತ್ರಗಳು ಬೇಕೆಂದು ಹೊರಟವರಿಗೆ ಆರು ಸಾಕೆಂದು ಮನವರಿಕೆಯಾಗುವುದು ಅಪರೂಪವಲ್ಲ. ಮೂರನೆಯದೂ ಮುಖ್ಯತಮವೂ ಆದ ಕಾರಣವೆಂದರೆ, ಹೊಸ ಯಂತ್ರ ಬಂದು ಕುಳಿತ ಬಳಿಕ ಹಳೆಯದರ ಒಳಗಿರುವುದನ್ನು ನೋಡುವ ತಾಳ್ಮೆ ಯಾರಿಗೂ ಉಳಿಯುವುದಿಲ್ಲ. ಇಲ್ಲಿ ಒಂದು ಭೇದವನ್ನು ಮಾತ್ರ ಗಮನದಲ್ಲಿಡತಕ್ಕದ್ದು. ಈಗಾಗಲೇ ಕೆಲಸದಿಂದ ನಿವೃತ್ತವಾಗಿ ಮೂಲೆ ಸೇರಿದವುಗಳನ್ನು ಖರೀದಿಗೆ ಮೊದಲೇ ಸಾಗಿಸಬೇಕು. ಇಂದೂ ದುಡಿಯುತ್ತಿರುವುದನ್ನಾದರೋ, ಅದು ಹೋಗಬೇಕಾದ ಸ್ಥಳವನ್ನು ಈಗಲೇ ನಿಶ್ಚಯಿಸಿ, ಹೊಸದು ಬಂದು ಒಂದು ತಿಂಗಳ ಲೆಕ್ಕ ಸುಸೂತ್ರವಾಗಿ ಮುಗಿಯುವವರೆಗೆ ಹಾಗೆಯೇ ಇರಗೊಡಬೇಕು.

ಕಾರ್ಯಾರಂಭವು ಎಣಿಕೆಯಿಂದ. ಶಾಲೆ, ಸಂಘ, ಸರ್ಕಾರಿ ಕಚೇರಿಗಳಲ್ಲಿ ಡೆಡ್ ಸ್ಟಾಕ್ ರಿಜಿಸ್ಟರ್ ಎಂಬ ದಪ್ಪ ಪುಸ್ತಕವೊಂದು ಬೀರುವಿನಲ್ಲಿರುತ್ತದೆ. ಅದನ್ನು ಹೊರತೆಗೆದು, ಅದರಲ್ಲಿ ಬರೆದಿರುವುದಕ್ಕೂ ಕಣ್ಣೆದುರಿಗಿರುವುದಕ್ಕೂ ತಾಳೆ ನೋಡುವುದು ಪ್ರಯಾಸಕರವಾದರೂ ತಪ್ಪಿಸಲಾಗದ ಕೆಲಸ. ಪುಸ್ತಕದಲ್ಲಿ ‘ಕಂಪ್ಯೂಟರ್, ಒಂದು’ ಎಂದಿರುತ್ತದೆ. ಆದರೆ ಅದರ ಪೆಟ್ಟಿಗೆ ಒಂದು ಕೋಣೆಯಲ್ಲಿ, ಮಾನಿಟರ್ ಮತ್ತೊಂದರಲ್ಲಿ, ಕೀಲಿಮಣೆ ಯಾರದೋ ಮನೆಯಲ್ಲಿ. ಮನೆಯಲ್ಲಿ ಒಂದೆರಡು ಯಂತ್ರಗಳನ್ನಿಟ್ಟುಕೊಂಡವರಿಗೆ ಪುಸ್ತಕದ ಅಗತ್ಯವಿಲ್ಲ, ಒಂದು ಹಾಳೆ ಸಾಕು. ಆದರೆ ಇಬ್ಬರೂ ಬರೆದುಕೊಳ್ಳಬೇಕಾದದ್ದು ಒಂದಿದೆ: ಯಂತ್ರದ ಕ್ರಮಸಂಖ್ಯೆಯೊಂದನ್ನೇ ಅಲ್ಲದೆ ಅದರೊಳಗಿನ ಡಿಸ್ಕಿನ ಕ್ರಮಸಂಖ್ಯೆಯನ್ನೂ. ಯಂತ್ರಗಳು ಹೊರಟುಹೋದ ಮೇಲೆ ನಿಮ್ಮ ಮಾಹಿತಿಯಿದ್ದ ಡಿಸ್ಕು ಎಲ್ಲಿ ಸೇರಿತೆಂದು ಹೇಳಬಲ್ಲ ಸಾಕ್ಷಿ ಅದೊಂದೇ.

ಆ ಸಂಖ್ಯೆಗಾಗಿ ಪೆಟ್ಟಿಗೆಯನ್ನು ಬಿಚ್ಚಲೇಬೇಕಾಗುತ್ತದೆ. ಬಿಚ್ಚಿದಾಗ ಅದರ ಆರೋಗ್ಯವೂ ತಿಳಿಯುತ್ತದೆ. ಹತ್ತು ವರ್ಷ ಸವೆದ ಪೆಟ್ಟಿಗೆಯ ಎಡಗಡೆಯ ತಗಡನ್ನು ಹಿಂದಕ್ಕೆ ಜಾರಿಸಿದರೆ ಮೊದಲು ಕಾಣುವುದು ಬೂದುಬಣ್ಣದ ಧೂಳಿನ ಹಾಸು. ಪ್ರೊಸೆಸರಿನ ಮೇಲಿನ ಫ್ಯಾನಿನ ರೆಕ್ಕೆಗಳಿಗೂ ಕೆಳಗಿನ ಅಲ್ಯೂಮಿನಿಯಮ್ಮಿನ ಪದರಗಳಿಗೂ ನಡುವೆ ಅದು ಕಂಬಳಿಯ ತುಂಡಿನಂತೆ ಒತ್ತಾಗಿ ಕುಳಿತಿರುತ್ತದೆ, ಬ್ರಷ್ಷಿನಿಂದ ಎಬ್ಬಿಸಿದರೆ ಇಡಿಯಾಗಿಯೇ ಮೇಲೇಳುತ್ತದೆ. ಫ್ಯಾನನ್ನು ತೆಗೆದು ನೋಡಿದರೆ ಒಂದು ಕಾಲದಲ್ಲಿ ಬೆಣ್ಣೆಯಂತಿದ್ದ ಬಿಳಿಯ ಲೇಪವು ಸುಣ್ಣದ ಚಕ್ಕೆಯಾಗಿ ಉದುರುತ್ತದೆ. ಯಂತ್ರ ಕಾದು ಕಾದು ತಾನಾಗಿ ಆರಿಹೋಗುತ್ತಿದ್ದುದಕ್ಕೆ ಎಷ್ಟೋ ಸಲ ಇದೇ ಕಾರಣ. ಮದರ್‌ಬೋರ್ಡಿನ ಮೇಲೆ ಪುಟ್ಟ ಡಬ್ಬಿಗಳಂತೆ ನಿಂತಿರುವ ಕೆಪಾಸಿಟರುಗಳ ತಲೆ ಸಮತಟ್ಟಾಗಿದ್ದರೆ ಒಳ್ಳೆಯದು. ಉಬ್ಬಿ, ಕಂದು ದ್ರವ ಒಸರಿ ಒಣಗಿದ್ದರೆ ಆ ಬೋರ್ಡಿನ ಆಯಸ್ಸು ತೀರಿತೆಂದೇ ತಿಳಿಯಬೇಕು. ತಾರೀಖು ನೆನಪಿಡುವ ನಾಣ್ಯದಾಕಾರದ ಕೋಶ ಸತ್ತಿರುವುದು ಮಾತ್ರ ರೋಗವಲ್ಲ. ಯಾವ ಅಂಗಡಿಯಲ್ಲಿಯೂ ಅಲ್ಪ ಬೆಲೆಗೆ ದೊರೆಯುವ ಹೊಸ ಕೋಶದಿಂದ ಅದು ನೇರವಾಗುತ್ತದೆ. ಇಂತಹ ಕ್ಷುಲ್ಲಕ ಕಾರಣಕ್ಕೆ ‘ಕೆಟ್ಟಿದೆ’ ಎಂಬ ಚೀಟಿ ಅಂಟಿಸಿಕೊಂಡು ವರ್ಷಗಟ್ಟಲೆ ಅಟ್ಟದಲ್ಲಿ ಬಿದ್ದಿರುವ ಯಂತ್ರಗಳು ಎಣಿಕೆಯ ವೇಳೆ ಹೊರಬರುವುದುಂಟು.

ಹೀಗೆ ಪರೀಕ್ಷಿಸಿದ ಮೇಲೆ ಕೆಲವು ಯಂತ್ರಗಳು ಬದುಕಿವೆಯೆಂದೂ, ಕೆಲವು ಸ್ವಲ್ಪ ಉಪಚಾರಕ್ಕೆ ಏಳುವುವೆಂದೂ, ಉಳಿದವು ಸತ್ತಿವೆಯೆಂದೂ ಗೊತ್ತಾಗುತ್ತದೆ. ಉಪಚಾರದ ವಿಷಯದಲ್ಲಿ ಒಂದು ಮಾತು. ತಿರುಗುವ ಹಾರ್ಡ್ ಡಿಸ್ಕನ್ನು ತೆಗೆದು ಅದರ ಸ್ಥಾನದಲ್ಲಿ ಎಸ್‌ಎಸ್‌ಡಿ ಎಂಬ ಚಲನವಿಲ್ಲದ ಸಂಗ್ರಹವನ್ನು ಕೂರಿಸಿ, ರ‍್ಯಾಮನ್ನು ಎಂಟು ಜಿಬಿಗೆ ಏರಿಸಿದರೆ, ತೆರೆಯುವುದಕ್ಕೆ ಐದು ನಿಮಿಷ ತೆಗೆದುಕೊಳ್ಳುತ್ತಿದ್ದ ಯಂತ್ರವು ಅರ್ಧ ನಿಮಿಷದಲ್ಲಿ ಸಿದ್ಧವಾಗಿ ನಿಲ್ಲುವುದನ್ನು ಕಂಡು ಬೆರಗಾಗದವರಿಲ್ಲ. ವಿಂಡೋಸ್ 11ನ್ನು ಅದು ಹೊರಲಾರದೆಂಬುದು ನಿಜವೇ. ಆದರೆ ಲಿನಕ್ಸ್ ಮಿಂಟ್, ಉಬುಂಟು ಮೊದಲಾದ ಮುಕ್ತ ವ್ಯವಸ್ಥೆಗಳನ್ನು ನಿರಾಯಾಸವಾಗಿ ಹೊರುತ್ತದೆ, ಅವುಗಳಲ್ಲಿ ಕನ್ನಡವನ್ನು ಬರೆಯುವುದಕ್ಕೂ ಓದುವುದಕ್ಕೂ ಯಾವ ಅಡ್ಡಿಯೂ ಇಲ್ಲ. ಪತ್ರವ್ಯವಹಾರಕ್ಕೂ ಜಾಲದರ್ಶನಕ್ಕೂ ಮಕ್ಕಳ ಅಭ್ಯಾಸಕ್ಕೂ ಇಷ್ಟು ಸಾಕು. ವಿಂಡೋಸಿನಲ್ಲಿ ಮಾತ್ರ ನಡೆಯುವ ಲೆಕ್ಕದ ತಂತ್ರಾಂಶವನ್ನು ನಂಬಿದ ಕಚೇರಿಗೆ ಇದು ಸಲ್ಲದು. ಅಂಥವರಿಗೆ ಹಣ ತೆತ್ತು ಮೂರು ವರ್ಷಗಳವರೆಗೆ ವಿಂಡೋಸ್ 10ರ ಭದ್ರತಾ ಪರಿಷ್ಕರಣಗಳನ್ನು ಪಡೆಯುವ ಸೌಲಭ್ಯವೊಂದಿದೆಯಾದರೂ, ವರ್ಷ ವರ್ಷಕ್ಕೆ ಅದರ ದರ ಇಮ್ಮಡಿಯಾಗುತ್ತ ಹೋಗುವುದರಿಂದ ಅದನ್ನು ಕಾಲಾವಕಾಶಕ್ಕಾಗಿ ಕೊಡುವ ಬಡ್ಡಿಯೆಂದು ತಿಳಿಯುವುದೇ ವಿವೇಕ.

ಇನ್ನು ಒಳಗಿರುವುದರ ವಿಚಾರ. ಅಳಿಸುವುದಕ್ಕೆ ಮುನ್ನ ಉಳಿಸಬೇಕಾದುದನ್ನು ತೆಗೆದಿಡಬೇಕೆಂದು ಎಲ್ಲರೂ ಹೇಳುತ್ತಾರೆ. ಕನ್ನಡದಲ್ಲಿ ಕೆಲಸ ಮಾಡುವವರಿಗೆ ಆ ಮಾತಿನಲ್ಲಿ ವಿಶೇಷವಾದ ಒಂದು ತೊಡಕು ಅಡಗಿದೆ, ಅದನ್ನು ಬೇರೆ ಭಾಷೆಯ ಕೈಪಿಡಿಗಳು ತಿಳಿಸಲಾರವು. ಯೂನಿಕೋಡ್ ಬಳಕೆಗೆ ಬರುವುದಕ್ಕೆ ಮುಂಚೆಯೂ, ಬಂದ ಮೇಲೆ ಬಹುಕಾಲದವರೆಗೂ, ನಮ್ಮ ಕಚೇರಿಗಳೂ ಮುದ್ರಣಾಲಯಗಳೂ ನುಡಿ, ಬರಹ, ಶ್ರೀಲಿಪಿ ಮುಂತಾದ ತಂತ್ರಾಂಶಗಳ ಹಳೆಯ ಅಕ್ಷರವಿನ್ಯಾಸದಲ್ಲಿಯೇ ಕನ್ನಡವನ್ನು ಬೆರಳಚ್ಚು ಮಾಡುತ್ತ ಬಂದವು. ಅಂತಹ ಕಡತವೊಂದರಲ್ಲಿ ನಿಜವಾಗಿ ಶೇಖರವಾಗಿರುವುದು ರೋಮನ್ ಅಕ್ಷರಗಳ ಮತ್ತು ಚಿಹ್ನೆಗಳ ಸಂಕೇತಗಳೇ ಹೊರತು ಕನ್ನಡವಲ್ಲ. ಆ ಸಂಕೇತಗಳಿಗೆ ಕನ್ನಡದ ರೂಪ ತೊಡಿಸುವ ಫಾಂಟು ಯಂತ್ರದಲ್ಲಿರುವವರೆಗೆ ಎಲ್ಲವೂ ಸರಿಯಾಗಿ ಕಾಣುತ್ತದೆ. ಕಡತವನ್ನು ಪೆನ್‌ಡ್ರೈವಿಗೆ ಇಳಿಸಿ ಹೊಸ ಯಂತ್ರದಲ್ಲಿ ತೆರೆದಿರೋ, ಇಪ್ಪತ್ತು ವರ್ಷದ ಆಡಳಿತ ಮಂಡಳಿಯ ನಡವಳಿಕೆಗಳು, ಊರಿನ ಜಾತ್ರೆಯ ಲೆಕ್ಕ, ಯಾರದೋ ಅಪ್ರಕಟಿತ ಕಾದಂಬರಿ, ಎಲ್ಲವೂ ತಲೆಬುಡವಿಲ್ಲದ ಚಿಹ್ನೆಗಳ ಸಾಲಾಗಿ ಕಾಣಿಸಿಕೊಳ್ಳುತ್ತವೆ. ಪೇಜ್‌ಮೇಕರಿನಲ್ಲಿ ಪುಟ ಕಟ್ಟಿದ ಪುಸ್ತಕಗಳ ಗತಿ ಇನ್ನೂ ಶೋಚನೀಯ. ಆ ತಂತ್ರಾಂಶದ ಏಳನೆಯದೂ ಕೊನೆಯದೂ ಆದ ಆವೃತ್ತಿ ಹೊರಬಂದದ್ದು 2001ರಲ್ಲಿ, ಅದನ್ನು ತೆರೆಯಬಲ್ಲ ಯಂತ್ರವು ಬಹುಶಃ ನೀವು ಈಗ ಗುಜರಿಗೆ ಹಾಕಲು ಹೊರಟಿರುವುದೊಂದೇ.

ಆದುದರಿಂದ ಹಳೆಯ ಯಂತ್ರ ಇನ್ನೂ ಉಸಿರಾಡುತ್ತಿರುವಾಗಲೇ, ಅದರಲ್ಲಿ ಫಾಂಟುಗಳು ಇನ್ನೂ ನೆಲೆಸಿರುವಾಗಲೇ, ಮೂರು ಕೆಲಸ ಆಗಬೇಕು. ಮುಖ್ಯ ಕಡತಗಳನ್ನು ಅಲ್ಲಿಯೇ ತೆರೆದು ಪಿಡಿಎಫ್ ಮಾಡಿಟ್ಟರೆ ಓದುವುದಕ್ಕಂತೂ ಶಾಶ್ವತವಾದ ರೂಪ ದೊರೆತಂತಾಯಿತು. ತಿದ್ದುವುದಕ್ಕೂ ಹುಡುಕುವುದಕ್ಕೂ ಬೇಕಾದ ಪಠ್ಯವನ್ನು ಪರಿವರ್ತಕ ತಂತ್ರಾಂಶದಿಂದ ಯೂನಿಕೋಡಿಗೆ ತಿರುಗಿಸಿ, ಒತ್ತಕ್ಷರ ಮತ್ತು ಅರ್ಕಾವತ್ತುಗಳ ಎಡೆಯಲ್ಲಿ ಪರಿವರ್ತಕಗಳು ಎಡವುವುದುಂಟಾದುದರಿಂದ ಒಂದೆರಡು ಪುಟಗಳನ್ನಾದರೂ ಮೂಲದೊಡನೆ ಹೋಲಿಸಿ ನೋಡಬೇಕು. ಕೊನೆಯದಾಗಿ, ಫಾಂಟಿನ ಕಡತಗಳನ್ನೇ ಒಂದು ಫೋಲ್ಡರಿನಲ್ಲಿ ಪ್ರತ್ಯೇಕವಾಗಿ ತೆಗೆದಿಡಬೇಕು. ಇಷ್ಟು ಮಾಡಲು ಒಂದು ವಾರ ಹಿಡಿದರೂ ನಷ್ಟವಿಲ್ಲ. ಸಂಸ್ಥೆಯ ಚರಿತ್ರೆಯನ್ನು ಬರೆಯಬೇಕೆಂದು ಮುಂದೊಂದು ದಿನ ಯಾರಾದರೂ ಕುಳಿತಾಗ, ಈ ವಾರದ ಬೆಲೆ ತಿಳಿಯುತ್ತದೆ.

ಲೆಕ್ಕದ ಕಚೇರಿಗಳವರಿಗೆ ಬೇರೊಂದು ಎಚ್ಚರಿಕೆ. ಟ್ಯಾಲಿಯ ಪರವಾನಗಿಯು ಯಂತ್ರಕ್ಕೆ ಅಂಟಿಕೊಂಡಿರುವುದರಿಂದ, ಹಳೆಯ ಯಂತ್ರದಲ್ಲಿಯೇ ಅದನ್ನು ‘ಸರೆಂಡರ್’ ಮಾಡಿದ ಮೇಲೆ ಹೊಸದರಲ್ಲಿ ಚಾಲೂ ಮಾಡುವುದೇ ಕ್ರಮ. ಮೊದಲು ಡಿಸ್ಕನ್ನು ಅಳಿಸಿ ಅನಂತರ ಇದನ್ನು ನೆನೆದುಕೊಂಡವರು ಸಹಾಯವಾಣಿಗೆ ದುಂಬಾಲು ಬೀಳಬೇಕಾಗುತ್ತದೆ. ಇತರ ಕೆಲವು ತಂತ್ರಾಂಶಗಳಿಗೂ ಇದೇ ನ್ಯಾಯ. ಯಂತ್ರದೊಡನೆಯೇ ಬಂದ ವಿಂಡೋಸಿನ ಪರವಾನಗಿಯಾದರೋ ಆ ಯಂತ್ರದ ಜೊತೆಗೇ ಹೋಗತಕ್ಕದ್ದು. ಆ್ಯಪಲ್ ಯಂತ್ರವಾಗಿದ್ದರೆ ‘ಫೈಂಡ್ ಮೈ’ ಸೌಲಭ್ಯದಿಂದ ಹೊರಬರದೆ ಕೊಟ್ಟರೆ, ಕೊಂಡವನಿಗೆ ಅದು ಬೀಗ ಹಾಕಿದ ಪೆಟ್ಟಿಗೆ. ಬ್ರೌಸರಿನಲ್ಲಿ ಕೂತಿರುವ ಗುಪ್ತಪದಗಳು, ಮೇಜಿನಿಂದ ಎಂದೂ ಕದಲದ ವಾಟ್ಸ್ಆ್ಯಪ್, ‘ಡೌನ್‌ಲೋಡ್ಸ್’ ಫೋಲ್ಡರಿನಲ್ಲಿ ಕಕ್ಷಿದಾರರು ಕಳುಹಿಸಿದ ಆಧಾರ್ ಮತ್ತು ಪ್ಯಾನ್ ಪ್ರತಿಗಳು: ಇವುಗಳ ಬಗೆಗೆ ಹೆಚ್ಚು ವಿಸ್ತರಿಸಬೇಕಾಗಿಲ್ಲ, ಬಾಗಿಲು ಹಾಕಿಕೊಂಡು ಒಮ್ಮೆ ಆ ಫೋಲ್ಡರನ್ನು ತೆರೆದು ನೋಡಿದರೆ ಸಾಕು.

ಅಳಿಸುವುದೆಂದರೇನು? ಕಡತವೊಂದನ್ನು ರೀಸೈಕಲ್ ಬಿನ್ನಿಗೆ ಹಾಕಿ ಅಲ್ಲಿಂದಲೂ ತೆಗೆದುಹಾಕಿದಾಗ ನಾಶವಾಗುವುದು ಅದರ ವಿಳಾಸವೇ ಹೊರತು ಅದಲ್ಲ. ಮತ್ತೊಂದು ಬರವಣಿಗೆ ಅದೇ ಸ್ಥಳದ ಮೇಲೆ ಬೀಳುವವರೆಗೆ ಮೊದಲಿನದು ಅಲ್ಲಿಯೇ ಇರುತ್ತದೆ, ಪುಕ್ಕಟೆಯಾಗಿ ದೊರೆಯುವ ಉಪಕರಣಗಳಿಂದ ಅದನ್ನು ಹಿಂದಕ್ಕೆ ಪಡೆಯುವುದು ಸುಲಭಸಾಧ್ಯ. ಅವಸರದ ‘ಕ್ವಿಕ್ ಫಾರ್ಮ್ಯಾಟ್’ ಕೂಡ ಇದಕ್ಕಿಂತ ಹೆಚ್ಚಿನದೇನನ್ನೂ ಮಾಡದು. ಅಮೆರಿಕದ ಎಂಐಟಿಯಲ್ಲಿದ್ದ ಸಿಮ್ಸನ್ ಗಾರ್ಫಿಂಕೆಲ್ ಮತ್ತು ಅಭಿ ಶೆಲಟ್ ಎಂಬ ಇಬ್ಬರು ಸಂಶೋಧಕರು 158 ಹಳೆಯ ಡಿಸ್ಕುಗಳನ್ನು ಪೇಟೆಯಲ್ಲಿ ಕೊಂಡು ಪರೀಕ್ಷಿಸಿ 2003ರಲ್ಲಿ ಪ್ರಕಟಿಸಿದ ವರದಿಯ ಪ್ರಕಾರ, ಓದಲು ಬಂದ 129 ಡಿಸ್ಕುಗಳಲ್ಲಿ ಸಮರ್ಪಕವಾಗಿ ಅಳಿಸಲ್ಪಟ್ಟಿದ್ದವು ಕೇವಲ 12. ಮಿಕ್ಕವುಗಳಿಂದ ಐದು ಸಾವಿರಕ್ಕೂ ಹೆಚ್ಚು ಕ್ರೆಡಿಟ್ ಕಾರ್ಡಿನ ಸಂಖ್ಯೆಗಳು ಹೊರಬಿದ್ದವು, ಒಂದು ಡಿಸ್ಕಂತೂ ಬ್ಯಾಂಕಿನ ಎಟಿಎಂ ಯಂತ್ರದೊಳಗಿದ್ದದ್ದು. ಅದನ್ನು ಮಾರಿದವರು ಮೂರ್ಖರಾಗಿದ್ದಿರಲಾರರು. ಅಳಿಸಿದ್ದೇವೆಂದು ನಂಬಿದ್ದವರು, ಅಥವಾ ಬೇರೊಬ್ಬರು ಅಳಿಸುವರೆಂದು ಎಣಿಸಿದ್ದವರು. 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಅಧಿನಿಯಮವು ಇತರರ ಮಾಹಿತಿಯನ್ನು ಕಾಯ್ದುಕೊಳ್ಳುವಲ್ಲಿ ಸಮಂಜಸವಾದ ಭದ್ರತೆ ವಹಿಸದ ಸಂಸ್ಥೆಗೆ 250 ಕೋಟಿ ರೂಪಾಯಿಗಳವರೆಗೆ ದಂಡ ವಿಧಿಸಲು ಅವಕಾಶ ಕಲ್ಪಿಸಿರುವುದರಿಂದ, ಇನ್ನು ಮುಂದೆ ಇದು ಕೇವಲ ಸಭ್ಯತೆಯ ವಿಷಯವಾಗಿ ಉಳಿಯದು.

ತಿರುಗುವ ಡಿಸ್ಕಾದರೆ ಅದರ ಉದ್ದಗಲಕ್ಕೂ ಸೊನ್ನೆಗಳನ್ನು ಒಂದು ಬಾರಿ ಬರೆಯುವುದರಿಂದ ಸಾಮಾನ್ಯರ ಕೆಲಸ ತೀರಿತು. ಪೀಟರ್ ಗುಟ್‌ಮನ್ನರು 1996ರಲ್ಲಿ ಬರೆದ ಪ್ರಬಂಧವೊಂದನ್ನು ಆಧಾರ ಮಾಡಿಕೊಂಡು ಮೂವತ್ತೈದು ಬಾರಿ ಬರೆಯಬೇಕೆಂದು ಸಾಧಿಸುವವರು ಇಂದಿಗೂ ಇದ್ದಾರೆ. ಆ ಕ್ರಮವು ಈಗಿನ ಡಿಸ್ಕುಗಳಿಗೆ ಅನ್ವಯಿಸದೆಂದು ಸ್ವತಃ ಗುಟ್‌ಮನ್ನರೇ ಆಮೇಲೆ ತಿಳಿಸಿರುವರಾದ್ದರಿಂದ ಆ ಶ್ರಮ ವ್ಯರ್ಥ. ವಿಂಡೋಸಿನ ‘ರೀಸೆಟ್ ದಿಸ್ ಪಿಸಿ’ಯಲ್ಲಿ ಎಲ್ಲವನ್ನೂ ತೆಗೆಯುವ ಆಯ್ಕೆಯ ಜೊತೆಗೆ ‘ಕ್ಲೀನ್ ಡೇಟಾ’ ಎಂಬುದನ್ನೂ ಚಾಲೂ ಮಾಡಿದರೆ ಮನೆಯ ಯಂತ್ರಕ್ಕೆ ಸಾಕಾಗುತ್ತದೆ. ಈ ಎರಡನೆಯದನ್ನು ಹೆಚ್ಚಿನವರು ಗಮನಿಸುವುದಿಲ್ಲ. ಅನೇಕ ಯಂತ್ರಗಳಿದ್ದಲ್ಲಿ ಪೆನ್‌ಡ್ರೈವಿನಿಂದ ಆರಂಭಿಸಬಹುದಾದ ಶ್ರೆಡ್‌ಓಎಸ್ ಎಂಬ ಉಚಿತ ಸಾಧನ ಅನುಕೂಲ. 500 ಜಿಬಿಯ ಡಿಸ್ಕಿಗೆ ಒಂದೂವರೆಯಿಂದ ಮೂರು ಗಂಟೆ ಹಿಡಿಯಬಹುದು. ಸಂಜೆ ಹಚ್ಚಿ ಹೋದರೆ ಬೆಳಿಗ್ಗೆಗೆ ಮುಗಿದಿರುತ್ತದೆ, ನಡುವೆ ಕರೆಂಟು ಹೋಗದಿದ್ದರೆ.

ಎಸ್‌ಎಸ್‌ಡಿಯ ಸ್ವಭಾವ ಬೇರೆ. ತನ್ನ ಕೋಶಗಳು ಸಮನಾಗಿ ಸವೆಯಲೆಂದು ಅದು ಬರೆಯುವ ಸ್ಥಳವನ್ನು ಒಳಗೊಳಗೇ ಬದಲಾಯಿಸುತ್ತಿರುವುದರಿಂದ, ಮೇಲಿನಿಂದ ಸೊನ್ನೆ ಬರೆದರೂ ಹಳೆಯ ಬರವಣಿಗೆ ಎಲ್ಲೋ ಮೂಲೆಯಲ್ಲಿ ಉಳಿದಿರಬಹುದು. ಅದಕ್ಕೆ ತಯಾರಕರು ಕೊಡುವ ತಂತ್ರಾಂಶದ ಅಥವಾ ಯಂತ್ರದ ಬಯೋಸಿನಲ್ಲಿರುವ ‘ಸೆಕ್ಯೂರ್ ಇರೇಸ್’ ಆಜ್ಞೆಯನ್ನೇ ಬಳಸಬೇಕು. ಆರಂಭದಿಂದಲೂ ಬಿಟ್‌ಲಾಕರಿನಂತಹ ಗೂಢಲಿಪಿಯಲ್ಲಿಟ್ಟ ಡಿಸ್ಕಾದರೆ ಕೀಲಿಯನ್ನು ನಾಶಮಾಡಿದೊಡನೆ ಒಳಗಿರುವುದೆಲ್ಲ ಅರ್ಥಹೀನ ಅಂಕಿಗಳಾಗುತ್ತವೆ.

ಕೆಟ್ಟುಹೋಗಿ ಬರೆಯಿಸಿಕೊಳ್ಳಲೊಲ್ಲದ ಡಿಸ್ಕನ್ನು ಭೌತಿಕವಾಗಿ ನಾಶಮಾಡುವುದೊಂದೇ ಮಾರ್ಗ. ಡ್ರಿಲ್ಲಿನಿಂದ ಅದರ ತಟ್ಟೆಗಳನ್ನು ಭೇದಿಸಿ ಮೂರು ನಾಲ್ಕು ರಂಧ್ರ ಕೊರೆದರೆ ಸಾಮಾನ್ಯ ಕುತೂಹಲಿಗಳಿಂದ ರಕ್ಷಣೆಯಾಯಿತು. ಆದರೆ ಲ್ಯಾಪ್‌ಟಾಪಿನ ಚಿಕ್ಕ ಡಿಸ್ಕುಗಳಲ್ಲಿ ಅನೇಕವುಗಳ ತಟ್ಟೆಗಳು ಗಾಜಿನವಾಗಿದ್ದು, ಡ್ರಿಲ್ಲು ತಾಗಿದೊಡನೆ ಸೂಜಿಯಂತಹ ಚೂರುಗಳಾಗಿ ಸಿಡಿಯುವುದರಿಂದ ಕನ್ನಡಕವನ್ನೂ ಕೈಗವಸನ್ನೂ ಧರಿಸದೆ ಈ ಸಾಹಸಕ್ಕಿಳಿಯಬಾರದು. ಬೆಂಕಿಗೆ ಹಾಕುವುದಂತೂ ಸರ್ವಥಾ ಕೂಡದು. ಇನ್ನೊಂದು ಸೂಕ್ಷ್ಮ: ಕಚೇರಿಯ ದೊಡ್ಡ ಜೆರಾಕ್ಸ್ ಯಂತ್ರಗಳಲ್ಲಿಯೂ ಡಿಸ್ಕುಗಳಿರುವುದುಂಟು, ಪ್ರತಿ ತೆಗೆದ ಕಾಗದಗಳ ಚಿತ್ರಗಳು ಅವುಗಳಲ್ಲಿ ಉಳಿಯಬಹುದು, ಬಾಡಿಗೆಯ ಯಂತ್ರವನ್ನು ಮರಳಿಸುವಾಗ ಇದನ್ನು ಕೇಳುವವರನ್ನು ನಾನು ಕಂಡದ್ದು ಕಡಿಮೆ.

ಒಳಗು ಬರಿದಾದ ಮೇಲೆ ಯಂತ್ರವನ್ನು ಯಾರಿಗೆ ಕೊಡಬೇಕೆಂಬುದು ಉಳಿದ ಪ್ರಶ್ನೆ. ಬದುಕಿರುವುದನ್ನು ಮಾರುವುದು ಸಹಜ. ಬೆಂಗಳೂರಿನವರಿಗೆ ಎಸ್‌.ಪಿ. ರಸ್ತೆ, ಎಂದರೆ ಸಾದರ ಪತ್ರಪ್ಪ ರಸ್ತೆ, ಪರಿಚಿತವೇ; ಅಲ್ಲಿ ಹಳೆಯ ಯಂತ್ರಕ್ಕೆ ಬೆಲೆ ಹೇಳುವವನು ಪೆಟ್ಟಿಗೆಯ ಅಂದವನ್ನು ನೋಡುವುದಿಲ್ಲ, ಪ್ರೊಸೆಸರಿನ ತಲೆಮಾರು, ರ‍್ಯಾಮಿನ ಬಗೆ, ಡಿಸ್ಕಿನ ಗಾತ್ರ, ಈ ಮೂರನ್ನು ಕೇಳಿ ಅಂಕಿ ಹೇಳಿಬಿಡುತ್ತಾನೆ. ಆದುದರಿಂದ ಈ ಮೂರನ್ನೂ ಬರೆದ ಚೀಟಿಯೊಡನೆ ಎರಡು ಮೂರು ಅಂಗಡಿಗಳನ್ನು ವಿಚಾರಿಸುವುದು ಒಳಿತು. ಹೊಸದನ್ನು ಮಾರುವವನು ಹಳೆಯದಕ್ಕೆ ಕಳೆಯುವ ‘ಎಕ್ಸ್‌ಚೇಂಜ್’ ಮೊತ್ತವನ್ನು ಇದರೊಡನೆ ಹೋಲಿಸಿ ನೋಡಿದರೆ, ರಿಯಾಯಿತಿಯೆಂಬುದು ಎಷ್ಟರಮಟ್ಟಿಗೆ ರಿಯಾಯಿತಿಯೆಂಬುದು ಸ್ಪಷ್ಟವಾಗುತ್ತದೆ. ಕಚೇರಿಯ ನೌಕರರಿಗೇ ಕೊಡುವುದಾದರೆ ಬೆಲೆಯನ್ನು ಬಹಿರಂಗವಾಗಿ ಗೊತ್ತುಮಾಡಿ, ಬಯಸಿದವರು ಹಲವರಿದ್ದಲ್ಲಿ ಚೀಟಿ ಎತ್ತುವುದರಿಂದ ಮನಸ್ತಾಪ ತಪ್ಪುತ್ತದೆ.

ಶಾಲೆಗೆ ದಾನ ಕೊಡುವ ಯೋಚನೆ ಎಲ್ಲರಿಗೂ ಬರುತ್ತದೆ, ಬರಬೇಕಾದದ್ದೇ. ಆದರೆ ದಾನದ ಹೆಸರಿನಲ್ಲಿ ಗುಜರಿಯನ್ನು ಹಳ್ಳಿಯ ಶಾಲೆಗೆ ಸಾಗಿಸಿ ಫೋಟೋ ತೆಗೆಸಿಕೊಳ್ಳುವ ಪರಿಪಾಟಿಯೊಂದು ಬೆಳೆದಿದೆ. ಅದನ್ನು ಖಂಡಿಸದೆ ವಿಧಿಯಿಲ್ಲ. ಧರ್ಮಕ್ಕೆ ದಟ್ಟಿ ಕೊಟ್ಟರೆ ಹಿತ್ತಿಲಿಗೆ ಹೋಗಿ ಮೊಳ ಹಾಕಿದರಂತೆ ಎಂದು ನಮ್ಮ ಜನ ಪಡೆದವರನ್ನು ಹಾಸ್ಯ ಮಾಡುವುದುಂಟು. ಗಣಕಯಂತ್ರದ ಮಟ್ಟಿಗೆ ಮುಖ್ಯೋಪಾಧ್ಯಾಯರು ಮೊಳ ಹಾಕಿಯೇ ತೆಗೆದುಕೊಳ್ಳಬೇಕು. ಶಾಲೆಯ ಡೆಡ್ ಸ್ಟಾಕ್ ರಿಜಿಸ್ಟರಿಗೆ ಒಮ್ಮೆ ಏರಿದ ಯಂತ್ರವನ್ನು ಅಲ್ಲಿಂದ ಇಳಿಸಬೇಕಾದರೆ ಅವರು ಪಡಬೇಕಾದ ಪಾಡು ಕೊಟ್ಟವರಿಗೆ ತಿಳಿಯದು. ಕೊಡುವುದಾದರೆ ಪೆಟ್ಟಿಗೆ, ಮಾನಿಟರ್, ಕೀಲಿಮಣೆ, ಮೌಸು, ವಿದ್ಯುತ್ ತಂತಿಗಳೆಲ್ಲ ಒಂದು ಜೋಡಿಯಾಗಿ, ಮುಕ್ತ ವ್ಯವಸ್ಥೆಯೊಂದು ಸ್ಥಾಪಿತವಾಗಿ, ಕನ್ನಡ ಬರೆಯುವ ಸೌಲಭ್ಯ ಚಾಲೂ ಆಗಿ, ಒಂದು ವಾರ ನಿಮ್ಮಲ್ಲಿಯೇ ಓಡಿ ತೋರಿಸಿದ ಯಂತ್ರವನ್ನು ಕೊಡಿ. ಒಂದು ವರ್ಷದೊಳಗೆ ಕೆಟ್ಟರೆ ಬಂದು ನೋಡುವವರ ಹೆಸರನ್ನೂ ಜೊತೆಗೆ ಕೊಡಿ. ಅಷ್ಟು ಮಾಡಲಾಗದಿದ್ದಲ್ಲಿ ಮಾರಿ ಬಂದ ಹಣವನ್ನು ಶಾಲೆಗೆ ಕೊಡುವುದು ಲೇಸು.

ಸತ್ತ ಯಂತ್ರಗಳ ವಿಷಯದಲ್ಲಿ ಶಾಸನವೇ ಮಾತನಾಡುತ್ತದೆ. 2022ರ ಇ-ತ್ಯಾಜ್ಯ ನಿರ್ವಹಣಾ ನಿಯಮಗಳು 2023ರ ಏಪ್ರಿಲ್ 1ರಿಂದ ಜಾರಿಯಲ್ಲಿದ್ದು, ತಯಾರಿಸಿ ಮಾರಿದವರ ಮೇಲೆಯೇ ಮರುಬಳಕೆಯ ಹೊಣೆಯನ್ನು ಹೊರಿಸಿವೆ. ಕೇಂದ್ರ ಮಾಲಿನ್ಯ ನಿಯಂತ್ರಣ ಮಂಡಳಿಯಲ್ಲಿ ನೋಂದಾಯಿಸಿಕೊಂಡ ಮರುಬಳಕೆದಾರರು ಮತ್ತು ದುರಸ್ತಿಗಾರರು ಮಾತ್ರ ಈ ವ್ಯವಹಾರ ಮಾಡಬಹುದು. ವರ್ಷವೊಂದರಲ್ಲಿ ಅನುಸೂಚಿಯ ಉಪಕರಣಗಳ ಒಂದು ಸಾವಿರವನ್ನಾದರೂ ಬಳಸಿದ ಸಂಸ್ಥೆಯು ಬೃಹತ್ ಬಳಕೆದಾರನೆನಿಸಿ, ತನ್ನ ತ್ಯಾಜ್ಯವನ್ನು ನೋಂದಾಯಿತರಿಗೇ ಒಪ್ಪಿಸಲು ಬದ್ಧವಾಗಿರುತ್ತದೆ. ದೊಡ್ಡ ಇಂಜಿನಿಯರಿಂಗ್ ಕಾಲೇಜೊಂದು ಈ ಸಂಖ್ಯೆಯನ್ನು ತಾನರಿಯದೆಯೇ ದಾಟಿರಬಹುದು. ಸಣ್ಣವರಿಗೆ ಸಾವಿರದ ಲೆಕ್ಕವಿಲ್ಲವಾದರೂ ದಾರಿ ಅದೇ. ದೇಶದಲ್ಲಿಯೇ ಮೊದಮೊದಲಿಗೆ ಅಧಿಕೃತ ಮನ್ನಣೆ ಪಡೆದ ಇ-ಪರಿಸರ ಎಂಬ ಮರುಬಳಕೆಯ ಘಟಕವು ಆರಂಭವಾದದ್ದು ಬೆಂಗಳೂರಿಗೆ ಹತ್ತಿರದ ದಾಬಸ್‌ಪೇಟೆಯಲ್ಲಿ, 2005ರಲ್ಲಿ. ಇಂದು ಅಂತಹವು ಹಲವಿವೆ. ಯಾರೇ ಬರಲಿ, ಅವರ ನೋಂದಣಿಯ ಪ್ರತಿಯನ್ನು ಕೇಳಿ ಮಂಡಳಿಯ ಪಟ್ಟಿಯೊಡನೆ ತಾಳೆ ನೋಡದೆ ಒಂದು ತಂತಿಯನ್ನೂ ಕೊಡಕೂಡದು.

ಬಾಗಿಲಿಗೆ ಬರುವ ಗುಜರಿಯವನು ಹೆಚ್ಚು ಹಣ ಕೊಡುತ್ತಾನಲ್ಲ ಎಂಬ ಆಕ್ಷೇಪಣೆ ಸುಳ್ಳಲ್ಲ. ಅವನೂ ದೂಷ್ಯನಲ್ಲ, ಕಾಗದವನ್ನೂ ಕಬ್ಬಿಣವನ್ನೂ ಊರಿನಿಂದ ಬಳಿದು ಸರಿಯಾದೆಡೆಗೆ ಸೇರಿಸುವವನು ಅವನೇ. ತೊಡಕಿರುವುದು ಅವನಿಂದಾಚೆಗೆ. ಮದರ್‌ಬೋರ್ಡಿನ ಕೊನೆಗಳಲ್ಲಿ ಹೊಳೆಯುವ ತೆಳುವಾದ ಚಿನ್ನದ ಲೇಪಕ್ಕಾಗಿ ಅದನ್ನು ತೆರೆದ ತೊಟ್ಟಿಯ ಆಮ್ಲದಲ್ಲಿ ಅದ್ದುವುದು, ತಾಮ್ರಕ್ಕಾಗಿ ತಂತಿಗಳ ಪ್ಲಾಸ್ಟಿಕ್ಕನ್ನು ಬಯಲಿನಲ್ಲಿ ಸುಡುವುದು, ಬೆಸುಗೆಯ ಸೀಸವನ್ನು ಒಲೆಯ ಮೇಲೆ ಕರಗಿಸುವುದು, ಇವೆಲ್ಲ ಇಕ್ಕಟ್ಟಾದ ಮನೆಗಳ ನಡುವೆ, ಬರಿಗೈಯಲ್ಲಿ ನಡೆಯುತ್ತವೆ. ಆ ಹೆಚ್ಚಿನ ಹಣ ಹುಟ್ಟುವುದು, ಉಳಿದ ಆಮ್ಲವನ್ನು ಚರಂಡಿಗೆ ಬಿಡುವುದರಿಂದ ಮಿಗುವ ಖರ್ಚಿನಲ್ಲಿ.

ಹಳೆಯ ಡುಬ್ಬದ ಮಾನಿಟರುಗಳಿದ್ದರೆ ವಿಶೇಷ ಜಾಗ್ರತೆ ಬೇಕು. ಅವುಗಳ ಗಾಜಿನ ಆಲಿಕೆಯಲ್ಲಿ ಸೀಸ ಬೆರೆತಿದೆ. ಕೊಳವೆಯೊಳಗೆ ನಿರ್ವಾತವಿರುವುದರಿಂದ ಒಡೆದರೆ ಚೂರು ಹಾರುತ್ತದೆ. ಒಳಗಿನ ವಿದ್ಯುದಂಶವು ಪ್ಲಗ್ಗನ್ನು ಕಿತ್ತ ಮೇಲೂ ಕೆಲಕಾಲ ಉಳಿದಿರುತ್ತದೆ. ಬಿಚ್ಚದೆ ಇಡಿಯಾಗಿಯೇ ಒಪ್ಪಿಸಿಬಿಡಬೇಕು. ಲ್ಯಾಪ್‌ಟಾಪಿನ ಉಬ್ಬಿದ ಬ್ಯಾಟರಿಯನ್ನು ಒತ್ತುವುದಾಗಲಿ ಚುಚ್ಚುವುದಾಗಲಿ ಬೆಂಕಿಗೆ ಆಹ್ವಾನ. ಯುಪಿಎಸ್ಸಿನ ಸೀಸದ ಬ್ಯಾಟರಿಗೆ ಪ್ರತ್ಯೇಕ ನಿಯಮಗಳಿವೆ, 2022ರವೇ. ಅದನ್ನು ಹೊಸ ಬ್ಯಾಟರಿಯ ಅಂಗಡಿಯವರು ಬೆಲೆ ಕಳೆದು ವಾಪಸು ಪಡೆಯುತ್ತಾರೆ.

ಕೇಂದ್ರ ಸರ್ಕಾರದ ಅಧೀನ ಸಂಸ್ಥೆಗಳಿಗೆ 2017ರ ಸಾಮಾನ್ಯ ಹಣಕಾಸು ನಿಯಮಗಳು ಅನ್ವಯಿಸುತ್ತವೆ: ಅಂದಾಜು ಬೆಲೆ ಎರಡು ಲಕ್ಷ ರೂಪಾಯಿಗಳನ್ನು ಮೀರಿದರೆ ಜಾಹೀರಾತಿನ ಟೆಂಡರು ಅಥವಾ ಬಹಿರಂಗ ಹರಾಜು ಅವಶ್ಯಕ, ಹರಾಜಿನಲ್ಲಿ ಕೂಗುವವರು ನೋಂದಾಯಿತ ಮರುಬಳಕೆದಾರರೇ ಆಗಿರಬೇಕೆಂಬ ಷರತ್ತನ್ನು ಹಾಕುವುದನ್ನು ಮರೆಯಬಾರದು. ಖಾಸಗಿ ಸಂಸ್ಥೆಗಳವರಿಗೆ ತೆರಿಗೆಯ ಲೆಕ್ಕ. ಗಣಕಯಂತ್ರಗಳಿಗೆ ವರ್ಷಕ್ಕೆ ಶೇಕಡಾ 40ರಂತೆ ಸವಕಳಿ ಕಳೆಯುತ್ತ ಬಂದಿರುವುದರಿಂದ ಐದಾರು ವರ್ಷಗಳಲ್ಲಿ ಪುಸ್ತಕದ ಬೆಲೆ ನಗಣ್ಯವಾಗಿರುತ್ತದೆ. ಮಾರಿ ಬಂದ ಹಣವನ್ನು ಆ ಬಗೆಯ ಆಸ್ತಿಗಳ ಸಮೂಹದ ಬೆಲೆಯಿಂದ ಕಳೆಯುವುದು ಮತ್ತು ಮಾರಾಟದ ಮೇಲಿನ ಜಿಎಸ್‌ಟಿಯನ್ನು ಕಟ್ಟುವುದು ಲೆಕ್ಕಪರಿಶೋಧಕರ ಕೈಗೆ ಬಿಡತಕ್ಕ ವಿಷಯಗಳು.

ಒಪ್ಪಿಸುವ ದಿನ ಎರಡು ಪ್ರತಿಯ ಪಟ್ಟಿ ಸಿದ್ಧವಿರಲಿ: ಯಂತ್ರದ ಸಂಖ್ಯೆ, ಡಿಸ್ಕಿನ ಸಂಖ್ಯೆ, ಅಳಿಸಿದ ವಿಧಾನ, ಅಳಿಸಿದವರ ಸಹಿ. ವಾಹನ ಹೊರಡುವ ಮುನ್ನ ಒಯ್ಯುವವರು ಎರಡಕ್ಕೂ ರುಜು ಹಾಕಿ ತೂಕದ ರಸೀತಿ ಕೊಡಬೇಕು, ಮರುಬಳಕೆಯ ಪ್ರಮಾಣಪತ್ರವು ಕೆಲವು ವಾರಗಳಲ್ಲಿ ಬರಬೇಕು. ಬಾರದಿದ್ದರೆ ಕೇಳಬೇಕು, ಏಕೆಂದರೆ ಕೇಳದವರಿಗೆ ಅದು ಬಾರದು. ಅದನ್ನು ಪಟ್ಟಿಯೊಡನೆ ಲಗತ್ತಿಸಿ, ಡೆಡ್ ಸ್ಟಾಕ್ ರಿಜಿಸ್ಟರಿನ ಸಾಲಿಗೆ ಕೆಂಪು ಶಾಯಿಯಲ್ಲಿ ಗೆರೆ ಎಳೆದು, ಆಡಳಿತ ಮಂಡಳಿಯ ನಿರ್ಣಯದ ಸಂಖ್ಯೆಯನ್ನು ಪಕ್ಕದಲ್ಲಿ ನಮೂದಿಸಿದರೆ ಲೆಕ್ಕ ತನಿಖೆಯವರಿಗೆ ಕೇಳಲು ಏನೂ ಉಳಿಯುವುದಿಲ್ಲ. ಆಮೇಲೆ ಹೊಸದಕ್ಕೆ ಆದೇಶ ಕಳುಹಿಸಬಹುದು. ಅದು ಬಂದ ದಿನವೇ ಡಿಸ್ಕಿನ ಸಂಖ್ಯೆಯನ್ನು ಅದೇ ಪುಸ್ತಕದ ಹೊಸ ಸಾಲಿನಲ್ಲಿ ಬರೆದು, ಬಿಟ್‌ಲಾಕರನ್ನು ಚಾಲೂ ಮಾಡಿ, ಅದರ ಕೀಲಿಯನ್ನು ಕಾಗದದ ಮೇಲೆ ಮುದ್ರಿಸಿ ತಿಜೋರಿಯಲ್ಲಿಡತಕ್ಕದ್ದು.